ವಿಶೇಷ ಶಿಕ್ಷಣದ ವಿದ್ಯಾರ್ಥಿಗಳು ಮತ್ತು ಕಳಂಕ ನಿವಾರಣೆ

ವಿಶೇಷ ಶಿಕ್ಷಣದ ನೆರವು ಪಡೆಯುವ ಮಗುವನ್ನು ಆ ನೆರವಿನ ಕಾರಣದಿಂದಲೇ ಕೀಳಾಗಿ ಕಾಣುವ, ದೂರ ಇಡುವ, ಇಲ್ಲವೆ ಅದರಿಂದ ಏನನ್ನೂ ನಿರೀಕ್ಷಿಸದೆ ಬಿಟ್ಟುಬಿಡುವ ವರ್ತನೆಯನ್ನು ಶಿಕ್ಷಣಶಾಸ್ತ್ರ ಕಳಂಕ ಎಂದು ಕರೆಯುತ್ತದೆ. ಸ್ಟಿಗ್ಮಾ ಎಂಬ ಪದಕ್ಕೆ ಸಂವಾದಿಯಾಗಿ ಬಂದ ಮಾತು ಇದು. ಪ್ರಾಚೀನ ಗ್ರೀಸಿನಲ್ಲಿ ಗುಲಾಮರ ಮತ್ತು ಅಪರಾಧಿಗಳ ಮೈಮೇಲೆ ಸುಟ್ಟೋ ಕೊಯ್ದೋ ಮೂಡಿಸುತ್ತಿದ್ದ ಗುರುತು ಸ್ಟಿಗ್ಮಾ. ಕನ್ನಡದ ಕಳಂಕವಾದರೋ ಚಂದ್ರನಲ್ಲಿ ಕಾಣುವ ಕಲೆ. ಒಂದು ಇತರರು ಹಾಕಿದ್ದು, ಇನ್ನೊಂದು ಮೊದಲಿನಿಂದಲೇ ಇದ್ದದ್ದು. ಈ ವಿಷಯಕ್ಕೆ ಸರಿಹೊಂದುವುದು ಗ್ರೀಕ್ ಅರ್ಥವೇ. ಅಮೆರಿಕದಲ್ಲಿ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಪ್ರಕಟಿಸಿದ ‘ಸ್ಟಿಗ್ಮಾ’ ಎಂಬ ಪುಸ್ತಕದ ತಿರುಳೂ ಇದೇ: ಕಳಂಕ ವ್ಯಕ್ತಿಯ ಗುಣವಲ್ಲ, ನೋಡುವವರಿಗೂ ನೋಡಿಸಿಕೊಳ್ಳುವವರಿಗೂ ನಡುವೆ ಏರ್ಪಡುವ ಸಂಬಂಧ. ಹಾಗಿರುವುದರಿಂದಲೇ ಅದನ್ನು ತಗ್ಗಿಸುವುದು ಸಾಧ್ಯ.

ಗುರುತು ಅಂಟುವುದು ಮಗುವಿಗೆ ಮಾತ್ರವಲ್ಲ. ಮನೆಯವರಿಗೂ ಅದರ ಪಾಲು ಬರುತ್ತದೆ. ಮಾತು ಬಾರದ ತಮ್ಮನಿರುವ ಮನೆಗೆ ಅಕ್ಕನನ್ನು ಕೇಳಲು ಬಂದವರು ಹಿಂದೆಮುಂದೆ ನೋಡುತ್ತಾರೆ. ನೆಂಟರ ಮನೆಯ ಮದುವೆಗೆ ಹೊರಟಾಗ ಒಂದು ಮಗು ಅಜ್ಜಿಯ ಜೊತೆ ಮನೆಯಲ್ಲೇ ಉಳಿಯುತ್ತದೆ. ದೋಷ ಹೆಚ್ಚಾಗಿ ತಾಯಿಯ ತಲೆಗೆ ಬರುತ್ತದೆ. ವಿಶೇಷ ಶಿಕ್ಷಕರನ್ನೂ ‘ಅಂಥ ಮಕ್ಕಳ ಮೇಷ್ಟ್ರು’ ಎಂದು ಅರ್ಧ ಶಿಕ್ಷಕರಂತೆ ಕಾಣುವ ಶಾಲೆಗಳಿವೆ. ಹೊರಗಿನ ನೋಟವನ್ನು ಮಗು ತನ್ನೊಳಗೆ ಇಳಿಸಿಕೊಂಡಾಗ ಹಾನಿ ಇನ್ನೂ ಆಳವಾಗುತ್ತದೆ. ಶ್ರವಣ ಸಾಧನ ಕಿವಿಯಿಂದ ಪಾಟಿಚೀಲಕ್ಕೆ ಇಳಿಯುತ್ತದೆ, ದಪ್ಪ ಗಾಜಿನ ಕನ್ನಡಕ ಮನೆಯಲ್ಲೇ ಉಳಿಯುತ್ತದೆ, ಗೊತ್ತಿಲ್ಲದ್ದನ್ನು ಕೇಳುವ ಕೈ ಮೇಲೇಳುವುದಿಲ್ಲ. ನೆರವು ಇದ್ದೂ ಬಳಕೆಯಾಗದಂತೆ ಮಾಡುವುದು ಕಳಂಕದ ನೇರ ಶೈಕ್ಷಣಿಕ ಪರಿಣಾಮ.

ಇದರ ಬೇರುಗಳಲ್ಲಿ ಕೆಲವು ಶಾಲೆಗಿಂತ ಹಳೆಯವು. ಪೂರ್ವಜನ್ಮದ ಕರ್ಮ, ಗ್ರಹಣಕಾಲದಲ್ಲಿ ಗರ್ಭಿಣಿ ಹೊರಗೆ ಬಂದದ್ದು, ನಾಗದೋಷ, ಹರಕೆ ತೀರಿಸದ್ದು ಮೊದಲಾದ ವಿವರಣೆಗಳು ಕರಾವಳಿಯಲ್ಲಿ ಇಂದಿಗೂ ಕೇಳಿಬರುತ್ತವೆ. ಕಾರಣವನ್ನು ಮನೆಯ ತಪ್ಪಿನಲ್ಲಿ ಹುಡುಕುವುದು ಇವೆಲ್ಲಕ್ಕೂ ಸಮಾನ. ಭಾಷೆಯೂ ತನ್ನ ಪಾಲು ಸಲ್ಲಿಸಿದೆ. ಕೆಪ್ಪ, ಮೂಗ, ಹೆಡ್ಡ, ಕುಂಟ, ಮೊದ್ದು ಎಂಬ ಪದಗಳು ಸ್ಥಿತಿಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಬೈಗುಳವಾಗಿ ಬಳಕೆಯಾಗುತ್ತವೆ. ಕಿವುಡನ ಮುಂದೆ ಕಿನ್ನರಿ ಬಾರಿಸುವ ಗಾದೆಯಲ್ಲಿ ಅಂಗನ್ಯೂನತೆ ಅರಿವಿಲ್ಲದಿರುವುದಕ್ಕೆ ಉಪಮೆ. ಯಕ್ಷಗಾನದ ಹಾಸ್ಯಗಾರನಿಂದ ಹಿಡಿದು ಸಿನಿಮಾದ ಹಾಸ್ಯನಟನವರೆಗೆ ತೊದಲು ಮಾತು ಸುಲಭವಾಗಿ ನಗು ತರಿಸುವ ಸರಕು. ರಾತ್ರಿ ಆಟ ನೋಡಿದ ಮಕ್ಕಳು ಮರುದಿನ ತರಗತಿಯಲ್ಲಿ ಅದನ್ನು ಯಾರ ಮೇಲೆ ಪ್ರಯೋಗಿಸುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪದಗಳನ್ನು ಬದಲಿಸಿ ಕಳಂಕ ಕಳೆಯುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಬ್ರಿಟನ್ನಿನಲ್ಲಿ 1978ರ ವಾರ್ನಾಕ್ ವರದಿ ಅಂಗನ್ಯೂನತೆಯ ವರ್ಗೀಕರಣವನ್ನು ಬದಿಗಿಟ್ಟು ‘ವಿಶೇಷ ಶೈಕ್ಷಣಿಕ ಅಗತ್ಯ’ ಎಂಬ ಮಾತನ್ನು ಮುಂದಿಟ್ಟಿತು. ಅಮೆರಿಕದಲ್ಲಿ 2010ರ ರೋಸಾ ಕಾಯಿದೆ ಬುದ್ಧಿಮಾಂದ್ಯ ಎಂಬರ್ಥದ ಪದವನ್ನು ಕೇಂದ್ರ ಸರ್ಕಾರದ ಹಲವು ಕಾನೂನುಗಳಿಂದ ತೆಗೆಸಿತು. ಕನ್ನಡದಲ್ಲಿ ಈ ಪಯಣ ಅಂಗವಿಕಲದಿಂದ ವಿಕಲಚೇತನಕ್ಕೆ, ಅಲ್ಲಿಂದ ವಿಶೇಷಚೇತನಕ್ಕೆ ಸಾಗಿತು. 2015ರ ಕೊನೆಯಲ್ಲಿ ಪ್ರಧಾನಿಯವರ ಬಾನುಲಿ ಭಾಷಣದ ನಂತರ ದಿವ್ಯಾಂಗವೂ ಸೇರಿಕೊಂಡಿತು. ಪದದ ಅರ್ಥ ಬಿಡಿಸಿದರೆ ಒಂದು ವಿಪರ್ಯಾಸ ಹೊರಬೀಳುತ್ತದೆ. ಅಂಗವಿಕಲ ಎಂಬುದು ಕೊರತೆಯನ್ನು ಅಂಗಕ್ಕಷ್ಟೇ ಸೀಮಿತಗೊಳಿಸಿತ್ತು. ಅದಕ್ಕಿಂತ ಗೌರವದ್ದೆಂದು ಬಂದ ವಿಕಲಚೇತನ ಅದನ್ನು ಚೇತನದವರೆಗೂ ಹಬ್ಬಿಸಿತು. ಶಿಕ್ಷಕರ ಆಡುಮಾತಿನಲ್ಲಂತೂ ಮಗು ‘ಸಿ.ಡಬ್ಲ್ಯು.ಎಸ್.ಎನ್.’ (ವಿಶೇಷ ಅಗತ್ಯವುಳ್ಳ ಮಕ್ಕಳು ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂಬ ಅಕ್ಷರಮಾಲೆಯಾಗಿದೆ. ‘ಸ್ಪೆಷಲ್’ ಎಂಬುದೂ ನಗರದ ಶಾಲೆಗಳಲ್ಲಿ ಚುಚ್ಚುಮಾತಾಗಿ ಹಲವು ವರ್ಷಗಳಾದವು. ನೋಟ ಬದಲಾಗದೆ ಹೆಸರು ಮಾತ್ರ ಬದಲಾದರೆ ಹೊಸ ಹೆಸರಿಗೂ ಹಳೆಯ ಕೊಳೆ ಹತ್ತುತ್ತದೆ. ಹಾಗೆಂದು ಪದಗಳ ಎಚ್ಚರ ವ್ಯರ್ಥವೇನಲ್ಲ. ಹಾಜರಿ ಕರೆಯುವಾಗ ಶಿಕ್ಷಕರ ಬಾಯಿಂದ ‘ಕುಂಟ’ ಎಂಬ ಮಾತು ಬಾರದಿರುವುದು ಎಲ್ಲಕ್ಕೂ ಮೊದಲ ಮೆಟ್ಟಿಲು.

ಕರ್ನಾಟಕದಲ್ಲಿ ವಿಶೇಷ ಶಿಕ್ಷಣ ಆರಂಭವಾದದ್ದು ಪ್ರತ್ಯೇಕ ಶಾಲೆಗಳ ರೂಪದಲ್ಲಿ. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರ ಗವಾಯಿ (1892–1944) ಮತ್ತು ಪುಟ್ಟರಾಜ ಗವಾಯಿಗಳ (1914–2010) ನೇತೃತ್ವದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿತು, ಗುರುಗಳಿಬ್ಬರೂ ಅಂಧರೇ. ಅಂಧನೆಂದರೆ ಭಿಕ್ಷುಕ ಎಂಬ ಕಲ್ಪನೆಯನ್ನು ಉತ್ತರ ಕರ್ನಾಟಕದಲ್ಲಿ ಈ ಆಶ್ರಮ ಮುರಿದಷ್ಟು ಪರಿಣಾಮಕಾರಿಯಾಗಿ ಯಾವ ಸರ್ಕಾರಿ ಪ್ರಚಾರವೂ ಮುರಿದಿಲ್ಲ. ಅದರ ಬೆನ್ನಿಗೇ ಅಂಧನೆಂದರೆ ಗವಾಯಿ ಎಂಬ ಇನ್ನೊಂದು ಚೌಕಟ್ಟೂ ಬಂತೆಂಬುದನ್ನು ಮರೆಯುವಂತಿಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ತೊಂದರೆಗಳನ್ನು ವೈದ್ಯಕೀಯವಾಗಿ ಗುರುತಿಸುವ ಕೇಂದ್ರಗಳಾಗಿ ಬೆಳೆದವು. ಕೇಂದ್ರ ಸರ್ಕಾರ 1974ರಲ್ಲಿ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ತಂದ ಮೇಲೆ ಈ ಮಕ್ಕಳು ಊರ ಶಾಲೆಗೇ ಬರಬೇಕೆಂಬ ವಿಚಾರ ಬಲಗೊಂಡಿತು. ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಿಕ್ಷಣಕ್ಕಾಗಿ ಸ್ಪೇನಿನ ಸಲಮಾಂಕದಲ್ಲಿ 1994ರಲ್ಲಿ ಹೊರಟ ಘೋಷಣೆ, ಸರ್ವ ಶಿಕ್ಷಣ ಅಭಿಯಾನ, 2018ರಿಂದ ಸಮಗ್ರ ಶಿಕ್ಷಣ ಇವೆಲ್ಲ ಅದೇ ದಾರಿಯವು. ಪ್ರತ್ಯೇಕ ಶಾಲೆಯ ಗೋಡೆ ಬಿದ್ದಾಗ ಕಳಂಕವೂ ಬೀಳುತ್ತದೆಂದು ನಂಬಲಾಗಿತ್ತು. ಅದು ತರಗತಿಯ ಒಳಗೆ ಹಿಂದಿನ ಬೆಂಚಿಗೆ ಬಂದು ಕೂತಿತು.

ಉತ್ತರ ಕನ್ನಡದ ಕರಾವಳಿಯಲ್ಲಿ ಈ ವ್ಯವಸ್ಥೆ ಹೇಗೆ ತಲುಪುತ್ತದೆಂಬುದನ್ನು ಕುಮಟಾ ತಾಲೂಕಿನ ಹಿರೇಗುತ್ತಿಯಂಥ ಊರನ್ನು ಮುಂದಿಟ್ಟುಕೊಂಡು ನೋಡಬಹುದು. ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಈ ಗ್ರಾಮ ಭಟ್ಕಳ, ಹೊನ್ನಾವರಗಳಂತೆ ಕಾರವಾರ ಶೈಕ್ಷಣಿಕ ಜಿಲ್ಲೆಗೆ ಸೇರಿದೆ. ವಿಶೇಷ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು, ಅಂದರೆ ಇಲಾಖೆಯ ಭಾಷೆಯಲ್ಲಿ ಬಿ.ಐ.ಇ.ಆರ್.ಟಿ.ಗಳು, ಇರುವುದು ತಾಲೂಕು ಮಟ್ಟದ ಸಂಪನ್ಮೂಲ ಕೇಂದ್ರದಲ್ಲಿ. ಅವರು ಶಾಲೆಯಿಂದ ಶಾಲೆಗೆ ಸುತ್ತುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ, ವರ್ಷಕ್ಕೊಮ್ಮೆ ವೈದ್ಯಕೀಯ ಮೌಲ್ಯಾಂಕನ ಶಿಬಿರ, ಅಲ್ಲಿ ಶಿಫಾರಸಾದ ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನಗಳ ವಿತರಣೆ ಎಂಬುದು ಕ್ರಮ. ಇದರಲ್ಲಿ ಪ್ರತಿಯೊಂದೂ ಊರಿನ ಕಣ್ಣಿಗೆ ಬೀಳುವ ಘಟನೆಯೇ. ಯಾರ ಮನೆಗೆ ಟೀಚರು ಬಂದರು, ಯಾವ ಮಗುವನ್ನು ಶಿಬಿರಕ್ಕೆ ಕರೆದೊಯ್ದರು ಎಂಬುದು ಸಂಜೆಯೊಳಗೆ ಕೇರಿಗೆಲ್ಲ ತಿಳಿದಿರುತ್ತದೆ. ನಗರದ ಮಗುವಿಗೆ ಸಿಗುವ ಅನಾಮಿಕತೆ ಇಲ್ಲಿ ಇಲ್ಲ. ಆದರೆ ಅದೇ ನಿಕಟತೆಗೆ ಇನ್ನೊಂದು ಮುಖವಿದೆ: ನೆರೆಮನೆಯ ಹುಡುಗನೇ ತರಗತಿಯ ಜೊತೆಗಾರನಾದ್ದರಿಂದ ಮಗು ಶಾಲೆಗೆ ಕಾಲಿಡುವಾಗ ಅಪರಿಚಿತವಾಗಿರುವುದಿಲ್ಲ. ಸಮಸ್ಯೆ ಹಲವು ಸಲ ಮನಸ್ಸಿಗಿಂತ ಮೊದಲು ದಾರಿಯದ್ದು. ತೋಟದ ನಡುವಿನ ಚಿರೆಕಲ್ಲಿನ ಮೆಟ್ಟಿಲು, ಹಳ್ಳದ ಮೇಲಿನ ಕಾಲುಸಂಕ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇವುಗಳ ಮುಂದೆ ಶಾಲೆಯ ಬಾಗಿಲಿನ ಇಳಿಜಾರು ಒಂದೇ ಏನೂ ಮಾಡಲಾರದು. ಮಳೆಗಾಲವೆಲ್ಲ ಗೈರುಹಾಜರಾದ ಮಗುವಿಗೆ ‘ಓದಿನಲ್ಲಿ ಹಿಂದೆ’ ಎಂಬ ಹೆಸರು ಬೀಳುತ್ತದೆ, ದಾರಿಗೆ ಯಾವ ಹೆಸರೂ ಬೀಳುವುದಿಲ್ಲ.

ಈ ಕರಾವಳಿಗೆ ಇನ್ನೊಂದು ವಿಶಿಷ್ಟ ಸನ್ನಿವೇಶವಿದೆ. ಗೇರು ತೋಪುಗಳಿಗೆ ಸುಮಾರು ಎರಡು ದಶಕ ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಮಕ್ಕಳಲ್ಲಿ ಕಂಡುಬಂದ ತೊಂದರೆಗಳನ್ನು ವೈದ್ಯ ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಹೊರಜಗತ್ತಿನ ಗಮನಕ್ಕೆ ತಂದರು. ಸುಪ್ರೀಂ ಕೋರ್ಟು 13 ಮೇ 2011ರಂದು ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಕರ್ನಾಟಕ ಸರ್ಕಾರ ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುವ ಕುಟುಂಬಗಳು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿವೆ. ಕಳಂಕದ ದೃಷ್ಟಿಯಿಂದ ಈ ಪ್ರಕರಣ ಬೋಧಪ್ರದ. ಕಾರಣ ಕರ್ಮವಲ್ಲ, ರಾಸಾಯನಿಕ ಎಂದು ಅಧಿಕೃತವಾಗಿ ಒಪ್ಪಿದಾಗ ತಾಯಂದಿರ ಮೇಲಿನ ಆರೋಪದ ಭಾರ ಇಳಿಯಿತು. ಮನೆಯೊಳಗಿದ್ದ ಮಕ್ಕಳು ಪರಿಹಾರದ ಪಟ್ಟಿಗಾಗಿಯಾದರೂ ಹೊರಗೆ ಬಂದರು. ಅದರ ಜೊತೆಗೇ ಊರಿಗೇ ಒಂದು ಹೆಸರು ಅಂಟಿತು. ಬಾಧಿತ ಗ್ರಾಮಗಳ ಮನೆಗಳಿಗೆ ಮದುವೆ ಸಂಬಂಧ ಕೂಡಿಬರುವುದು ಕಷ್ಟವೆಂಬ ಅಳಲು ಕಾಸರಗೋಡಿನಿಂದ ಮತ್ತೆ ಮತ್ತೆ ಕೇಳಿಬಂದಿದೆ. ಕಾರಣದ ಅರಿವು ದೋಷಾರೋಪವನ್ನು ಕಳೆಯುತ್ತದೆ, ದೂರವನ್ನು ತಾನಾಗಿ ಕಳೆಯುವುದಿಲ್ಲ.

ಕಣ್ಣಿಗೆ ಕಾಣುವ ನ್ಯೂನತೆಗಿಂತ ಕಾಣದ್ದಕ್ಕೆ ಅಂಟುವ ಕಳಂಕ ಬೇರೆ ಬಗೆಯದು. ಗಾಲಿಕುರ್ಚಿಯ ಮಗುವಿಗೆ ‘ಪಾಪ’ ಎನ್ನುವ ಊರು ಓದಲು ತಡವರಿಸುವ ಮಗುವಿಗೆ ‘ಸೋಮಾರಿ’ ಎನ್ನುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಅದರಲ್ಲೂ ಡಿಸ್‌ಲೆಕ್ಸಿಯ, ಇಂಗ್ಲಿಷ್ ಶಾಲೆಗಳ ಸಿರಿವಂತ ಮಕ್ಕಳ ಕಾಯಿಲೆ ಎಂಬ ಭಾವನೆ ಕನ್ನಡ ಶಾಲೆಗಳಲ್ಲಿ ಬಹುಕಾಲ ಇತ್ತು. ಕನ್ನಡವನ್ನು ಬರೆದಂತೆ ಓದುತ್ತೇವೆ, ಹಾಗಾಗಿ ತೊಂದರೆ ಬರಲಾರದು ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಬೆಂಗಳೂರಿನ ಪ್ರತಿಭಾ ಕಾರಂತ, ಸೊನಾಲಿ ನಾಗ್ ಮೊದಲಾದವರ ಸಂಶೋಧನೆಗಳು ಬೇರೆಯದನ್ನೇ ತೋರಿಸಿವೆ. ವರ್ಣಮಾಲೆಯ 49 ಅಕ್ಷರಗಳು ಆರಂಭ ಮಾತ್ರ. ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ಹಲವು ನೂರಾಗುತ್ತವೆ. ಇಂಗ್ಲಿಷಿನ 26 ಅಕ್ಷರಗಳ ಕಲಿಕೆ ಬೇಗ ಮುಗಿದರೆ, ಕನ್ನಡದ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ಬೆಳೆಯುತ್ತಲೇ ಇರುತ್ತದೆಂದು 2007ರಲ್ಲಿ ಪ್ರಕಟವಾದ ನಾಗ್ ಅವರ ಅಧ್ಯಯನ ಹೇಳುತ್ತದೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವುದು ಹಾಗಾದರೆ ದಡ್ಡತನವೂ ಅಲ್ಲ, ನ್ಯೂನತೆಯೂ ಅಲ್ಲ, ಕೇವಲ ವಯಸ್ಸು. ಮನೆಮಾತಿನ ಪ್ರಶ್ನೆ ಇದರ ಮೇಲೆ ಬಂದು ಕೂರುತ್ತದೆ. ಭಟ್ಕಳದ ಮಗು ನವಾಯತಿಯಲ್ಲಿ, ಹೊನ್ನಾವರ, ಕುಮಟಾದ ಎಷ್ಟೋ ಮಕ್ಕಳು ಕೊಂಕಣಿಯಲ್ಲಿ, ಹಾಲಕ್ಕಿ ಸಮುದಾಯದ ಮಗು ತನ್ನದೇ ಕನ್ನಡದಲ್ಲಿ ಯೋಚಿಸುತ್ತ ಶಾಲೆಗೆ ಬರುತ್ತದೆ. ಪುಸ್ತಕದ ಕನ್ನಡ ಅರ್ಥವಾಗದೆ ಸುಮ್ಮನೆ ಕೂತ ಮಗುವಿಗೂ ಕಲಿಕಾ ನ್ಯೂನತೆಯಿರುವ ಮಗುವಿಗೂ ಹಿಂದಿನ ಬೆಂಚೇ ಗತಿಯಾದರೆ ಇಬ್ಬರಿಗೂ ಬೇಕಾದದ್ದು ಸಿಗುವುದಿಲ್ಲ. ತಪ್ಪಾಗಿ ಗುರುತಿಸದಿರುವುದೂ ಕಳಂಕ ನಿವಾರಣೆಯ ಭಾಗವೇ.

ಕಳಂಕ ತಗ್ಗಿಸುವ ಉಪಾಯಗಳಲ್ಲಿ ಹೆಚ್ಚು ಫಲ ಕೊಡುವುದು ನೆರವನ್ನು ಎಲ್ಲರಿಗೂ ಇರುವ ವ್ಯವಸ್ಥೆಯೊಳಗೇ ಬೆರೆಸುವುದು. ಇದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ, ಅದನ್ನು ಯಾರೂ ಈ ಉದ್ದೇಶಕ್ಕಾಗಿ ರೂಪಿಸಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009–10ರಿಂದ ಹಂತಹಂತವಾಗಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಬಂತು. ಇಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಗೊಂದು, ಭಾಗಶಃ ಬೇಕಾದವರಿಗೊಂದು, ಗೆಳೆಯರ ನೆರವಿನಿಂದ ಕಲಿಯುವವರಿಗೊಂದು, ಸ್ವಂತವಾಗಿ ಕಲಿಯುವವರಿಗೊಂದು ಎಂದು ತಟ್ಟೆಗಳಿದ್ದು, ಎಲ್ಲ ಮಕ್ಕಳೂ ಒಂದಲ್ಲ ಒಂದು ದಿನ ಎಲ್ಲ ತಟ್ಟೆಗಳಲ್ಲೂ ಕೂರುತ್ತಾರೆ. ಶಿಕ್ಷಕರ ಪಕ್ಕದಲ್ಲಿ ಕೂರುವುದು ದಡ್ಡತನದ ಗುರುತಾಗದಿರಲು ಇಷ್ಟು ಸಾಕು. ತಿಂಗಳುಗಟ್ಟಲೆ ಗೈರಾದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಬೆಂಚುಗಳು ಸಾಲಾಗಿ ನಿಲ್ಲುತ್ತವೆ, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ವ್ಯತ್ಯಾಸ ಒಂದೇ ಬೇಸಿಗೆ ರಜೆಯ ಅಂತರದಲ್ಲಿ ಎದ್ದು ಕಾಣುತ್ತದೆ. ಮಗು ಬದಲಾಗಿರುವುದಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಊಟಕ್ಕೂ ಇದೇ ತತ್ವ ಅನ್ವಯಿಸುತ್ತದೆ: ಬಡವರಿಗೆ ಮಾತ್ರ ಬಡಿಸಿದ್ದರೆ ಅದು ಬಡತನದ ಗುರುತಾಗುತ್ತಿತ್ತು, ಎಲ್ಲರಿಗೂ ಬಡಿಸಿದ್ದರಿಂದ ಅದು ಊಟ.

ಸಂಪನ್ಮೂಲ ಶಿಕ್ಷಕರ ಕೆಲಸದ ರೀತಿಯೂ ಇದರಿಂದಲೇ ನಿರ್ಧಾರವಾಗುತ್ತದೆ. ತರಗತಿಯ ಬಾಗಿಲಲ್ಲಿ ನಿಂತು ಒಂದು ಮಗುವಿನ ಹೆಸರು ಕೂಗಿ ಹೊರಗೆ ಕರೆಯುವುದು ಬೇರೆ, ಒಳಗೆ ಬಂದು ನಾಲ್ಕು ಮಕ್ಕಳ ಗುಂಪಿನೊಡನೆ ಕೂರುವುದು ಬೇರೆ. ದೊಡ್ಡಕ್ಷರದ ಹಾಳೆ, ಚಿತ್ರಪಟ, ಮುಟ್ಟಿ ನೋಡುವ ಮಣಿಗಳು ಮೇಜಿನ ಮೇಲೆ ಯಾರು ಬೇಕಾದರೂ ಎತ್ತಿಕೊಳ್ಳುವಂತಿದ್ದರೆ ಅವು ಯಾರೊಬ್ಬರ ಗುರುತೂ ಅಲ್ಲ. ಪ್ರತ್ಯೇಕ ಕೊಠಡಿ ಬೇಕೇಬೇಕಾದ ಸಂದರ್ಭಗಳೂ ಇವೆ. ವಾಕ್‌ಚಿಕಿತ್ಸೆ ಮೂವತ್ತು ಮಕ್ಕಳ ಗದ್ದಲದಲ್ಲಿ ನಡೆಯದು. ಶ್ರವಣದೋಷವುಳ್ಳ ಮಕ್ಕಳಿಗೆ ಸನ್ನೆಭಾಷೆ ಬಲ್ಲ ಜೊತೆಗಾರರ ಗುಂಪು ಊರ ಶಾಲೆಯಲ್ಲಿ ಸಿಗುವುದು ಅಪರೂಪವಾದ್ದರಿಂದ, ಅವರ ಪಾಲಿಗೆ ಪ್ರತ್ಯೇಕ ಶಾಲೆಯೇ ಕಳಂಕವಿಲ್ಲದ ಜಾಗವೆಂದು ವಾದಿಸುವವರಿದ್ದಾರೆ. ಅವರ ವಾದ ತೆಗೆದುಹಾಕುವಂಥದ್ದಲ್ಲ.

ಎರಡನೆಯ ಉಪಾಯ ಒಡನಾಟ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದಂತೆ ಬರಿಯ ಸಾಮೀಪ್ಯ ಪೂರ್ವಗ್ರಹವನ್ನು ಕಳೆಯುವುದಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಹಿರಿಯರ ಬೆಂಬಲ ನಾಲ್ಕೂ ಇರಬೇಕು. ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಸಹಾಯಕ ಗೆಳೆಯ’ ಏರ್ಪಾಟು ಮೊದಲ ಷರತ್ತಿನಲ್ಲೇ ಎಡವುತ್ತದೆ, ಏಕೆಂದರೆ ಅಲ್ಲಿ ಒಬ್ಬ ಯಾವಾಗಲೂ ಕೊಡುವವನು, ಇನ್ನೊಬ್ಬ ಯಾವಾಗಲೂ ಪಡೆಯುವವನು. ಕಣ್ಣು ಕಾಣದ ಹುಡುಗಿ ಪ್ರಾರ್ಥನೆಗೆ ಶ್ರುತಿ ಹಿಡಿದರೆ, ನಡೆಯಲಾಗದ ಹುಡುಗ ಕ್ರಿಕೆಟ್ಟಿನ ಅಂಕ ಬರೆದರೆ ಲೆಕ್ಕ ಸಮವಾಗತೊಡಗುತ್ತದೆ. ಆಟದ ನಿಯಮವನ್ನೇ ತುಸು ತಿದ್ದಿ ಅವನನ್ನೂ ಆಡಿಸಿದರೆ ಇನ್ನೂ ಒಳ್ಳೆಯದು. ಮಕ್ಕಳು ಬಿಟ್ಟರೆ ತಾವೇ ಇಂಥ ನಿಯಮ ಮಾಡಿಕೊಳ್ಳುತ್ತಾರೆ.

ಸದುದ್ದೇಶದ ಕೆಲವು ಕಾರ್ಯಕ್ರಮಗಳು ತಿರುಗುಬಾಣವಾಗುತ್ತವೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ತಾಸು ಅಂಧತ್ವದ ‘ಅನುಭವ’ ಕೊಡುವ ಆಟದಿಂದ ಹೆಚ್ಚುವುದು ಭಯ ಮತ್ತು ಕನಿಕರವೆಂದು ಅಧ್ಯಯನಗಳು ಎಚ್ಚರಿಸಿವೆ. ಅಂಧರು ವರ್ಷಗಳ ಅಭ್ಯಾಸದಿಂದ ಪಡೆದ ಚಾತುರ್ಯ ಆ ಒಂದು ತಾಸಿನಲ್ಲಿ ಕಾಣಿಸುವುದೇ ಇಲ್ಲ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಮಕ್ಕಳನ್ನು ವೇದಿಕೆಗೆ ಸಾಲಾಗಿ ಹತ್ತಿಸಿ, ಗಣ್ಯರು ಗಾಲಿಕುರ್ಚಿಯ ಒಂದು ಹಿಡಿಕೆ ಹಿಡಿದು ಫೋಟೋ ತೆಗೆಸಿಕೊಳ್ಳುವ ಪದ್ಧತಿ ಹಕ್ಕನ್ನು ದಾನವಾಗಿ ತೋರಿಸುತ್ತದೆ. ಸಾಧಕರ ಕಥೆಗಳೂ ಎರಡಲಗಿನವು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, 2001ರಲ್ಲಿ ಪದ್ಮಶ್ರೀ ಪಡೆದ ಕ್ರೀಡಾಪಟು ಮಾಲತಿ ಹೊಳ್ಳ ಇವರ ಹೆಸರು ಮಕ್ಕಳಿಗೆ ಗೊತ್ತಿರಬೇಕಾದ್ದೇ. ಆದರೆ ಪದಕ ಗೆಲ್ಲದ, ಚಿತ್ರ ಬರೆಯದ, ಹಾಡು ಹೇಳದ ಸಾಧಾರಣ ಮಗುವಿಗೂ ಗೌರವ ಸಲ್ಲಬೇಕು. 2007ರ ‘ತಾರೆ ಜಮೀನ್ ಪರ್’ ಚಿತ್ರ ಡಿಸ್‌ಲೆಕ್ಸಿಯ ಎಂಬ ಪದವನ್ನು ಮನೆಮನೆಗೆ ತಂದದ್ದು ನಿಜ; ಅಲ್ಲಿನ ಹುಡುಗನಿಗೆ ಮನ್ನಣೆ ಸಿಗುವುದು ಮಾತ್ರ ಚಿತ್ರಕಲಾ ಸ್ಪರ್ಧೆಯಲ್ಲಿ ಗೆದ್ದ ಮೇಲೆ.

ಕಾನೂನಿನ ಆಸರೆ ಇಂದು ಸಾಕಷ್ಟಿದೆ. 1995ರ ಅಂಗವಿಕಲರ ಕಾಯಿದೆ ಏಳು ನ್ಯೂನತೆಗಳನ್ನಷ್ಟೇ ಹೆಸರಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿ 21ನ್ನು ಒಳಗೊಂಡಿತು. ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ 92ನೆಯ ಕಲಮಿನಂತೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಆಗಬಹುದು. ಸಾಮಾನ್ಯ ಶಾಲೆಗಳಲ್ಲಿ ಇಂಥ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣ 2021ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ತಾಲೂಕು ಕೇಂದ್ರದಿಂದ ಬಸ್ಸಿನಲ್ಲಿ ಸುತ್ತುವ ಕೆಲವೇ ಶಿಕ್ಷಕರನ್ನು ಇದರ ಪಕ್ಕಕ್ಕಿಟ್ಟರೆ ಅಂತರ ತಿಳಿಯುತ್ತದೆ. ತೆರೆಯ ಮೇಲೆ ನ್ಯೂನತೆಯನ್ನು ಗೇಲಿ ಮಾಡುವ ಹಾಸ್ಯಕ್ಕೂ, ಅದನ್ನು ಅರ್ಥಮಾಡಿಸುವ ಹಾಸ್ಯಕ್ಕೂ ಇರುವ ಭೇದವನ್ನು ಅದೇ ನ್ಯಾಯಾಲಯ ಜುಲೈ 2024ರಲ್ಲಿ ಗುರುತಿಸಿತು.

ಕಾನೂನು ಬಿಡಿಸಲಾಗದ ಒಂದು ಗಂಟು ಉಳಿದಿದೆ. ನೆರವು ಬೇಕೆಂದರೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರವೆಂದರೆ ಹೆಸರು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಲಿಪಿಕಾರ, ಹೆಚ್ಚುವರಿ ಸಮಯ ಮೊದಲಾದ ರಿಯಾಯಿತಿಗಳು ದಾಖಲೆಯಿಲ್ಲದೆ ದೊರೆಯವು. ಮೂರು ವರ್ಷ ಮಗುವಿನ ತೊಂದರೆಯನ್ನು ಮುಚ್ಚಿಟ್ಟ ಮನೆಯವರು ಹತ್ತನೆಯ ತರಗತಿಯ ನವೆಂಬರಿನಲ್ಲಿ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಓಡುವುದು ಈ ಕಾರಣಕ್ಕೆ. ಸಹಪಾಠಿಗಳಿಗೆ ಅದು ರಿಯಾಯಿತಿಯಾಗಿ, ಕೆಲವೊಮ್ಮೆ ಮೋಸವಾಗಿಯೂ ಕಾಣುತ್ತದೆ. ಕನ್ನಡಕ ಹಾಕಿಕೊಂಡು ಬರೆದವನು ಹೆಚ್ಚು ಅಂಕ ಕದ್ದನೆಂದು ಯಾರೂ ಹೇಳುವುದಿಲ್ಲವೆಂಬುದನ್ನು ಶಿಕ್ಷಕರು ಮೊದಲೇ ತರಗತಿಗೆ ವಿವರಿಸಿದ್ದರೆ ಈ ಗೊಣಗಾಟ ಕಡಿಮೆಯಾಗುತ್ತದೆ. ಯಾರಿಗೆ ಎಷ್ಟು ತಿಳಿಯಬೇಕೆಂಬುದರ ಮೇಲೆ ಹಿಡಿತವಿರುವುದೂ ಮುಖ್ಯ. ಪಾಠ ಹೇಳುವವರಿಗೆ ಮಗುವಿನ ಅಗತ್ಯ ತಿಳಿದಿರಬೇಕು; ಶೇಕಡಾವಾರು ಪ್ರಮಾಣ ಸೂಚನಾಫಲಕದಲ್ಲೋ ಪಾಲಕರ ವಾಟ್ಸಾಪ್ ಗುಂಪಿನಲ್ಲೋ ಬರಬೇಕಾಗಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ ಕೊಟ್ಟು, 14 ಮತ್ತು 18ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಮೊದಲನೆಯದು ಹೆತ್ತವರ ತೀರ್ಮಾನ. ಹದಿನಾಲ್ಕರ ಹೊತ್ತಿಗೆ ತನ್ನ ತೊಂದರೆಗೆ ಏನು ಹೆಸರು, ಏನು ಬೇಕೆಂದು ಕೇಳಬೇಕು ಎಂಬುದನ್ನು ಹೇಳಿಕೊಳ್ಳಲು ಮಗುವೇ ಕಲಿತಿರಬೇಕೆಂದು ವಿಶೇಷ ಶಿಕ್ಷಕರು ಬಯಸುತ್ತಾರೆ.

ಶಾಲೆಯ ಹೊರಗೆ, ಗ್ರಾಮ ಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ರಾಜ್ಯ ಸರ್ಕಾರ ನೇಮಿಸಿದೆ. ಗೌರವಧನದ ಮೇಲೆ ದುಡಿಯುವ ಇವರು ಸ್ವತಃ ಅಂಗವಿಕಲರು. ಮಾಸಾಶನ, ಗುರುತಿನ ಚೀಟಿಗಳ ಅರ್ಜಿ ತುಂಬಿಸುವುದು ಅವರ ದೈನಂದಿನ ಕೆಲಸ. ಪಂಚಾಯತಿ ಕಚೇರಿಯಲ್ಲಿ ಮೇಜಿನ ಆಚೆ ಕುಳಿತು ಊರವರ ಕಾಗದಪತ್ರ ನೋಡುವ ಇಂಥ ಒಬ್ಬರನ್ನು ದಿನವೂ ಕಾಣುವ ಮನೆ, ಮಗುವನ್ನು ಶಾಲೆಗೆ ಕಳಿಸಲು ಹಿಂಜರಿಯುವುದು ಕಡಿಮೆ.